ಕಿಣ್ವಗಳಿಗೆ ಅಂಟಿದ ತಪ್ಪು ಹೆಸರು: ತಿದ್ದುವ ಹೊಣೆ ಪ್ರಯೋಗಶಾಲೆಯದು

1995ರಲ್ಲಿ ಹಿಮೋಫಿಲಸ್ ಇನ್‌ಫ್ಲುಯೆಂಜೆ ಎಂಬ ಬ್ಯಾಕ್ಟೀರಿಯಾದ ಜೀನೋಮ್ ಸಂಪೂರ್ಣವಾಗಿ ಬಯಲಾಯಿತು. ಸ್ವತಂತ್ರವಾಗಿ ಬದುಕಬಲ್ಲ ಜೀವಿಯೊಂದರ ಪೂರ್ಣ ಜೀನೋಮ್ ಕೈಗೆ ಸಿಕ್ಕಿದ್ದು ಅದೇ ಮೊದಲು. ಅಲ್ಲಿಂದೀಚೆಗೆ ಜೀನೋಮ್ ಓದುವ ಯಂತ್ರಗಳ ವೇಗ ಏರುತ್ತಲೇ ಹೋಯಿತು; ಓದಿದ್ದರ ಅರ್ಥವನ್ನು ಖಚಿತಪಡಿಸುವ ಪ್ರಯೋಗಗಳು ಹಿಂದೆ ಉಳಿದವು. ಈ ಅಂತರದಲ್ಲಿ ಬೆಳೆದ ತಪ್ಪುಗಳ ರಾಶಿ ಇಂದು ಜೀವವಿಜ್ಞಾನಕ್ಕೆ ದೊಡ್ಡ ಸವಾಲಾಗಿದೆ.

ತಪ್ಪು ಹುಟ್ಟುವ ಬಗೆ ಸರಳ. ಹೊಸ ವಂಶವಾಹಿಯೊಂದು ಸಿಕ್ಕಾಗ ಕಂಪ್ಯೂಟರ್ ಅದನ್ನು ಹಳೆಯವುಗಳೊಡನೆ ಹೋಲಿಸಿ, ಹೆಚ್ಚು ಹೋಲುವ ವಂಶವಾಹಿಯ ಕೆಲಸವನ್ನೇ ಇದಕ್ಕೂ ಆರೋಪಿಸುತ್ತದೆ. ಆದರೆ ಒಂದೇ ಕುಟುಂಬದ ಕಿಣ್ವಗಳು ಬೇರೆ ಬೇರೆ ಕೆಲಸ ಮಾಡುವುದುಂಟು. ಒಮ್ಮೆ ಅಂಟಿದ ತಪ್ಪು ಹೆಸರು ಮುಂದಿನ ಹೋಲಿಕೆಗೆ ಆಧಾರವಾಗಿ, ನಕಲಿನಿಂದ ನಕಲಿಗೆ ಹರಡುತ್ತದೆ.

2009ರಲ್ಲಿ ಪೆಟ್ರೀಷಿಯಾ ಬ್ಯಾಬಿಟ್ ಅವರ ತಂಡ 37 ಕಿಣ್ವ ಕುಟುಂಬಗಳನ್ನು ಪರಿಶೀಲಿಸಿತು. ತಜ್ಞರು ಕೈಯಾರೆ ಪರಿಶೀಲಿಸುವ ಸ್ವಿಸ್-ಪ್ರಾಟ್ ಸಂಗ್ರಹದಲ್ಲಿ ತಪ್ಪು ಹೆಚ್ಚುಕಡಿಮೆ ಶೂನ್ಯ. ಜೆನ್‌ಬ್ಯಾಂಕ್‌ನಂತಹ ಬೃಹತ್ ಸಂಗ್ರಹಗಳಲ್ಲಾದರೋ ಕೆಲವು ಕುಟುಂಬಗಳ ತಪ್ಪಿನ ಪ್ರಮಾಣ ಶೇ. 80ನ್ನೂ ಮೀರಿತ್ತು.

ಇದು ಲೆಕ್ಕಾಚಾರದ ಮಾತಾಯಿತು. ಸ್ವೀಡನ್ನಿನ ಚಾಮರ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2021ರಲ್ಲಿ ಪ್ರಯೋಗದ ಪುರಾವೆಯನ್ನೇ ಮುಂದಿಟ್ಟರು. ಲ್ಯಾಕ್ಟೇಟ್, ಗ್ಲೈಕೋಲೇಟ್‌ಗಳಂತಹ ಆಮ್ಲಗಳನ್ನು ಉತ್ಕರ್ಷಿಸಿ ಹೈಡ್ರೋಜನ್ ಪೆರಾಕ್ಸೈಡ್ ಹೊರಬಿಡುತ್ತವೆ ಎನ್ನಲಾದ ಒಂದೇ ವರ್ಗದ ಕಿಣ್ವಗಳಿಂದ 122 ಮಾದರಿಗಳನ್ನು ಆಯ್ದು, ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ತಯಾರಿಸಲು ಯತ್ನಿಸಿ, ಕರಗಿದ ರೂಪದಲ್ಲಿ ದೊರೆತವನ್ನು ಪರೀಕ್ಷೆಗೊಡ್ಡಿದರು. ಪ್ರಯೋಗ ಮತ್ತು ವಿಶ್ಲೇಷಣೆಗಳ ಒಟ್ಟು ತೀರ್ಮಾನ: ಈ ವರ್ಗದ ಕನಿಷ್ಠ ಶೇ. 78ರಷ್ಟು ನಮೂದುಗಳು ತಪ್ಪು.

ಪರಿಣಾಮ ಕಡತಗಳಿಗೆ ಸೀಮಿತವಲ್ಲ. ರೋಗಾಣುವಿನ ಯಾವ ಕಿಣ್ವವನ್ನು ತಡೆದರೆ ಔಷಧವಾದೀತು ಎಂಬ ಅಂದಾಜಿಗೂ ಈ ನಮೂದುಗಳೇ ಬುನಾದಿ. ಕೃತಕ ಬುದ್ಧಿಮತ್ತೆಯ ಮಾದರಿಗಳು ಪಾಠ ಕಲಿಯುವುದೂ ಇವುಗಳಿಂದಲೇ.

ಪ್ರಯೋಗ ಮಾಡಿದ ಮಾತ್ರಕ್ಕೆ ಸತ್ಯ ಕೈಗೆ ಬಂತೆಂದೂ ಅಲ್ಲ. 2023ರಲ್ಲಿ ಪ್ರಕಟವಾದ ಕೃತಕ ಬುದ್ಧಿಮತ್ತೆಯ ಅಧ್ಯಯನವೊಂದು ಇ. ಕೋಲೈನ ವೈಸಿಐಒ ಪ್ರೋಟೀನು ಟಿಎಸ್‌ಎಸಿ ಎಂಬ ಮತ್ತೊಂದು ಪ್ರೋಟೀನಿನ ಕೆಲಸವನ್ನೇ ಮಾಡುತ್ತದೆಂದು ಊಹಿಸಿ, ಪ್ರನಾಳದಲ್ಲಿ ಪರೀಕ್ಷಿಸಿಯೂ ತೋರಿಸಿತ್ತು. ಫ್ಲಾರಿಡಾ ವಿಶ್ವವಿದ್ಯಾಲಯದ ವ್ಯಾಲೆರಿ ಡಿ ಕ್ರೆಸಿ-ಲಗಾರ್ ಮತ್ತು ಸಹೋದ್ಯೋಗಿಗಳು 2024ರಲ್ಲಿ ಇದನ್ನು ಅಲ್ಲಗಳೆದರು. ಅವರು ತೋರಿಸಿದಂತೆ, ವೈಸಿಐಒ ಚಟುವಟಿಕೆ ಟಿಎಸ್‌ಎಸಿಗಿಂತ ಹತ್ತು ಸಾವಿರ ಪಟ್ಟಿಗೂ ಹೆಚ್ಚು ದುರ್ಬಲ. ಅಲ್ಲದೆ ಎರಡೂ ಒಂದೇ ಜೀವಕೋಶದಲ್ಲಿದ್ದರೂ ಟಿಎಸ್‌ಎಸಿ ಇಲ್ಲದೆ ಇ. ಕೋಲೈ ಬದುಕದು. ಪ್ರನಾಳದಲ್ಲಿ ಕಂಡ ಕ್ಷೀಣ ಕ್ರಿಯೆಯನ್ನು ಜೀವಕೋಶದೊಳಗಿನ ನಿಜವಾದ ಕೆಲಸವೆಂದು ಭಾವಿಸುವಂತಿಲ್ಲ. ವಂಶವಾಹಿಯನ್ನು ತೆಗೆದು, ಮರಳಿ ಸೇರಿಸಿ, ಜೀವಿಯ ಮೇಲಾಗುವ ಪರಿಣಾಮವನ್ನೂ ನೋಡಬೇಕಾಗುತ್ತದೆ.

ನೊಬೆಲ್ ಪುರಸ್ಕೃತ ರಿಚರ್ಡ್ ರಾಬರ್ಟ್ಸ್ 2004ರಲ್ಲೇ ಇಂತಹ ಪರೀಕ್ಷೆಗಳನ್ನು ಜೀವರಸಾಯನ ವಿಜ್ಞಾನಿಗಳು ಹಂಚಿಕೊಂಡು ಮಾಡಬೇಕೆಂದು ಕರೆ ನೀಡಿದ್ದರು. ಆದರೆ ಹೊಸ ಜೀನೋಮಿಗೆ ಸಿಗುವ ಮನ್ನಣೆ ಹಳೆಯ ತಪ್ಪನ್ನು ತಿದ್ದಿದವರಿಗೆ ಸಿಗುವುದಿಲ್ಲ. ತಪ್ಪು ಸಾಬೀತಾದರೂ ಜೆನ್‌ಬ್ಯಾಂಕ್‌ನ ದಾಖಲೆಯನ್ನು ಬದಲಿಸುವ ಅಧಿಕಾರ ಸಾಮಾನ್ಯವಾಗಿ ಅದನ್ನು ಸಲ್ಲಿಸಿದವರದ್ದೇ. ತಪ್ಪು ಹರಡಲು ಕ್ಷಣ ಸಾಕು, ತಿದ್ದಲು ತಿಂಗಳುಗಳ ಶ್ರಮ ಬೇಕು. ಆ ಶ್ರಮಕ್ಕೆ ಹಣ ಮತ್ತು ಮನ್ನಣೆ ದೊರೆಯದ ಹೊರತು, ಕಂಪ್ಯೂಟರ್ ಎಷ್ಟೇ ಚುರುಕಾದರೂ ಹಳೆಯ ತಪ್ಪನ್ನೇ ಹೊಸದಾಗಿ ಒಪ್ಪಿಸುತ್ತಿರುತ್ತದೆ.