ಭಾರವಾದ ನೊಗ

ನಾಯಕತ್ವದ ಮಾತು ಬಂದಾಗಲೆಲ್ಲ ಸೊಲೊಮೋನನ ದೇವಾಲಯವನ್ನು ಕೊಂಡಾಡುವುದು ನಮ್ಮಲ್ಲಿ ರೂಢಿ. ಆದರೆ ಅದೇ ಅರಸುಗಳ ಗ್ರಂಥದ ಉಳಿದ ಲೆಕ್ಕವನ್ನು ನಾವೇಕೆ ಓದುವುದಿಲ್ಲ? ದೇವಾಲಯಕ್ಕೆ 7 ವರ್ಷ, ಅವನ ಅರಮನೆಗೆ 13 ವರ್ಷ. ಸರದಿಯಂತೆ ಲೆಬನೋನಿಗೆ ಬಿಟ್ಟಿ ದುಡಿಮೆಗೆ ಹೋದವರು 30,000 ಮಂದಿ.

ಅವನು ತೀರಿಕೊಂಡ ಮೇಲೆ ಶೆಕೆಮಿನಲ್ಲಿ ಜನರು ಅವನ ಮಗ ರೆಹಬ್ಬಾಮನಲ್ಲಿ ಬೇಡಿದ್ದು ಒಂದೇ: ನೊಗ ಹಗುರವಾಗಲಿ ಎಂದು. ಜನರ ಸೇವಕನಾಗೆಂದು ಹಿರಿಯರು ಹೇಳಿದರು. ಅವನು ಒಡನಾಡಿಗಳ ಮಾತಿಗೆ ಕಿವಿಗೊಟ್ಟು ಜನರನ್ನು ಗದರಿಸಿದನು. ಹತ್ತು ಕುಲಗಳು ಕೈಬಿಟ್ಟುಹೋದವು. ತಂದೆ ಹೊರಿಸಿದ ಭಾರಕ್ಕೆ ಮಗನ ಕಾಲದಲ್ಲಿ ರಾಜ್ಯವೇ ಒಡೆಯಿತು.

ಕಟ್ಟಡದ ಎತ್ತರದಿಂದ ನಾಯಕನನ್ನು ಅಳೆಯುವವರು ಇದಕ್ಕೇನು ಹೇಳುವರು? ಶಿಷ್ಯರ ಪಾದ ತೊಳೆದ ಪ್ರಭು ಯೇಸು ನೀಡಿದ್ದು ಹಗುರವಾದ ನೊಗ. ಧರ್ಮಕೇಂದ್ರದಲ್ಲಾಗಲಿ, ಮನೆಯಲ್ಲಾಗಲಿ, ಮುಂದಾಳು ತನ್ನನ್ನೇ ಕೇಳಿಕೊಳ್ಳಲಿ: ನನ್ನ ಕೀರ್ತಿಯ ಭಾರವನ್ನು ಹೊರುತ್ತಿರುವ ಹೆಗಲು ಯಾರದು?