ಎಂಜಿನ್ನಿನ ಎಣ್ಣೆಗೊಂದು ಲೆಕ್ಕ ಬೇಡವೆ?

ಶಿವಮೊಗ್ಗದ ಕೃಷಿ ಯಂತ್ರಗಳ ಅಂಗಡಿಗೆ ಹೋಗುವ ರೈತರು ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಎಂಜಿನ್ ಎಷ್ಟು ಎಚ್‌ಪಿ? ಬೆಲೆ ಎಷ್ಟು? ಪೂರ್ಣ ಭಾರದಲ್ಲಿ ಗಂಟೆಗೆ ಎಷ್ಟು ಎಣ್ಣೆ ಕುಡಿಯುತ್ತದೆ ಎಂಬ ಮೂರನೆಯ ಪ್ರಶ್ನೆ ಅಪರೂಪ. ಯಾರಾದರೂ ಕೇಳಿದರೂ ಉತ್ತರ ‘ಚೆನ್ನಾಗಿ ಬರುತ್ತದೆ’ ಎಂಬಲ್ಲಿಗೆ ನಿಲ್ಲುತ್ತದೆ. ಅಡಿಕೆಗೆ ಬೋರ್ಡೋ ದ್ರಾವಣ ಸಿಂಪಡಿಸುವ ಯಂತ್ರ, ಕಳೆ ಕೊಚ್ಚುವ ಯಂತ್ರ, ಗದ್ದೆಯ ಪವರ್ ಟಿಲ್ಲರ್, ಹಳ್ಳದಿಂದ ನೀರೆತ್ತುವ ಡೀಸೆಲ್ ಪಂಪು, ಹೀಗೆ ಒಂದೊಂದಾಗಿ ಬಂದ ಎಂಜಿನ್ನುಗಳು ಮಲೆನಾಡಿನ ಕೊಟ್ಟಿಗೆಗಳಲ್ಲಿ ಎತ್ತುಗಳಿದ್ದ ಜಾಗವನ್ನು ಹಿಡಿದಿವೆ. ಎತ್ತಿಗೆ ಹಾಕುವ ಹುಲ್ಲಿನ ಲೆಕ್ಕ ಮನೆಮಂದಿಗೆಲ್ಲ ಗೊತ್ತಿತ್ತು. ಎಂಜಿನ್ನಿಗೆ ಸುರಿಯುವ ಎಣ್ಣೆಯ ಲೆಕ್ಕ ಮಾತ್ರ ಯಾರ ಬಳಿಯೂ ಇಲ್ಲ.

ಇದು ಕೇವಲ ಮನೆಖರ್ಚಿನ ಮಾತಲ್ಲ. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ, ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಘಟ್ಟದ ಕಾಡನ್ನು ಉಳಿಸಬೇಕೆಂದು ಕೇಳುವ ಜನ ತಮ್ಮದೇ ಕೊಟ್ಟಿಗೆಯ ಹೊಗೆಯನ್ನು ಅಳೆಯದೆ ಬಿಟ್ಟರೆ ಆ ಕೇಳಿಕೆಯ ತೂಕ ಕಡಿಮೆಯಾಗುತ್ತದೆ. ಹಾಗೆಂದು ಎಂಜಿನ್ನೇ ಬೇಡವೆಂದು ಕೂರುವಂತಿಲ್ಲ. ಕೂಲಿಯಾಳು ಸಿಗದ, ಮಳೆಗಾಲದಲ್ಲಿ ವಿದ್ಯುತ್ತು ದಿನಗಟ್ಟಲೆ ಕೈಕೊಡುವ ಊರುಗಳಲ್ಲಿ ಅದು ಅನಿವಾರ್ಯ. ಕೇಳಬೇಕಾದ ಪ್ರಶ್ನೆ ಒಂದೇ: ಸುರಿದ ಎಣ್ಣೆಯಲ್ಲಿ ಎಷ್ಟು ಪಾಲು ಕೆಲಸವಾಯಿತು? ಆ ಪಾಲನ್ನೇ ದಕ್ಷತೆ ಎನ್ನುತ್ತಾರೆ. ಅದನ್ನು ಕಂಡುಹಿಡಿಯಲು ಬೇಕಾದುದು ಪ್ರೌಢಶಾಲೆಯ ಗಣಿತ, ಒಂದು ಗಡಿಯಾರ ಮತ್ತು ಒಂದು ಅಳತೆಯ ಪಾತ್ರೆ.

ಮೊದಲು ಎಣ್ಣೆಯೊಳಗೆ ಅಡಗಿದ ಶಕ್ತಿಯನ್ನು ನೋಡಬೇಕು. ಒಂದು ಕಿಲೋ ಡೀಸೆಲ್ ಪೂರ್ತಿ ಉರಿದರೆ ಸುಮಾರು 43 ಮೆಗಾಜೂಲ್ ಶಾಖ ಬರುತ್ತದೆ. ಒಂದು ಲೀಟರಿನ ತೂಕ ಸುಮಾರು 830 ಗ್ರಾಂ. ಗುಣಿಸಿ ನೋಡಿದರೆ ಒಂದು ಲೀಟರಿನಲ್ಲಿ ವಿದ್ಯುತ್ ಬಿಲ್ಲಿನ ಲೆಕ್ಕದಲ್ಲಿ ಹೆಚ್ಚುಕಡಿಮೆ 10 ಯೂನಿಟ್ ಶಕ್ತಿಯಿದೆ. ಈ ಒಂದು ಅಂಕಿಯನ್ನು ನೆನಪಿಟ್ಟುಕೊಂಡರೆ ಅರ್ಧ ಲೆಕ್ಕ ಮುಗಿದಂತೆ.

ಉಳಿದರ್ಧ, ಎಂಜಿನ್ ಮಾಡಿದ ಕೆಲಸ. ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯದಲ್ಲಿ ಇದನ್ನು ಅಳೆಯುವ ಹಳೆಯ ವಿಧಾನವೊಂದಿದೆ. ಎಂಜಿನ್ನಿನ ಗಾಲಿಗೆ ಹಗ್ಗ ಸುತ್ತಿ, ಹಗ್ಗದ ಒಂದು ತುದಿಗೆ ತೂಕ, ಇನ್ನೊಂದು ತುದಿಗೆ ಸ್ಪ್ರಿಂಗ್ ತಕ್ಕಡಿ ಕಟ್ಟುತ್ತಾರೆ. ತಿರುಗುವ ಗಾಲಿ ಹಗ್ಗವನ್ನು ಎಳೆಯುತ್ತದೆ. ಎರಡು ತುದಿಗಳ ವ್ಯತ್ಯಾಸವೇ ಎಂಜಿನ್ ಹೊರುತ್ತಿರುವ ನಿವ್ವಳ ಭಾರ. ಉದಾಹರಣೆಗೆ ಆ ವ್ಯತ್ಯಾಸ 12 ಕಿಲೋ, ಗಾಲಿಯ ತ್ರಿಜ್ಯ 20 ಸೆಂಟಿಮೀಟರ್, ವೇಗ ನಿಮಿಷಕ್ಕೆ 1500 ಸುತ್ತು ಎಂದುಕೊಳ್ಳಿ. 12 ಕಿಲೋ ಎಂದರೆ ಸುಮಾರು 118 ನ್ಯೂಟನ್ ಬಲ, ಅದನ್ನು 0.2 ಮೀಟರಿನಿಂದ ಗುಣಿಸಿದರೆ ತಿರುಚುಬಲ 23.5 ನ್ಯೂಟನ್ ಮೀಟರ್. ಎಂಜಿನ್ ಸೆಕೆಂಡಿಗೆ 25 ಸುತ್ತು ತಿರುಗುತ್ತಿದೆ. ಒಂದು ಸುತ್ತಿಗೆ 6.28 ರೇಡಿಯನ್ ಎಂದರೆ ಸೆಕೆಂಡಿಗೆ 157. ಇವೆರಡನ್ನೂ ಗುಣಿಸಿದರೆ ಸುಮಾರು 3.7 ಕಿಲೋವಾಟ್, ಅಂದರೆ 5 ಅಶ್ವಶಕ್ತಿ. ಅದೇ ಹೊತ್ತಿಗೆ ಗಾಜಿನ ಅಳತೆ ಕೊಳವೆಯಲ್ಲಿ 100 ಮಿಲಿಲೀಟರ್ ಡೀಸೆಲ್ ಇಳಿಯಲು 5 ನಿಮಿಷ ಹಿಡಿಯಿತು ಎನ್ನೋಣ. ಗಂಟೆಗೆ 1.2 ಲೀಟರ್, ಒಳಗೆ ಹೋದದ್ದು 12 ಯೂನಿಟ್, ಹೊರಗೆ ಬಂದದ್ದು 3.7 ಯೂನಿಟ್. ದಕ್ಷತೆ ಶೇಕಡ 31.

ಮಿಕ್ಕ 69 ಪಾಲು ಎಲ್ಲಿ ಹೋಯಿತು? ಹೆಚ್ಚಿನದು ಬಿಸಿ ಹೊಗೆಯೊಂದಿಗೆ ಕೊಳವೆಯಿಂದಲೂ, ಸಿಲಿಂಡರನ್ನು ತಣಿಸುವ ನೀರು ಇಲ್ಲವೆ ಗಾಳಿಯೊಂದಿಗೂ ಹೊರಟುಹೋಯಿತು. ಇದರಲ್ಲಿ ಬಹುಪಾಲು ಯಾರ ತಪ್ಪೂ ಅಲ್ಲ. ಶಾಖವನ್ನು ಕೆಲಸವಾಗಿಸುವ ಯಾವ ಯಂತ್ರವೂ ಅದನ್ನು ಪೂರ್ತಿ ಕೆಲಸವಾಗಿಸಲಾರದು ಎಂಬುದು ಪ್ರಕೃತಿಯ ನಿಯಮ. ಮಿಶ್ರಣವನ್ನು ಹೆಚ್ಚು ಒತ್ತಿ ಉರಿಸಿದಷ್ಟೂ ಕೆಲಸದ ಪಾಲು ಏರುತ್ತದೆ. ಪೆಟ್ರೋಲ್ ಎಂಜಿನ್ನಿಗಿಂತ ಡೀಸೆಲ್ ಎಂಜಿನ್ ಮಿತವ್ಯಯಿ ಎನಿಸಿಕೊಳ್ಳಲು ಅದರ ಹೆಚ್ಚಿನ ಒತ್ತಡವೇ ಮುಖ್ಯ ಕಾರಣ.

ಇಷ್ಟು ಪ್ರಯೋಗಾಲಯದ ಮಾತಾಯಿತು. ಇನ್ನು ಹಳ್ಳದ ದಂಡೆಗೆ ಬರೋಣ. ಅಲ್ಲಿ ಹಗ್ಗವೂ ಬೇಡ, ತಕ್ಕಡಿಯೂ ಬೇಡ. 200 ಲೀಟರಿನ ಡ್ರಮ್ಮೊಂದನ್ನು ಪೈಪಿನ ಬಾಯಿಗೆ ಇಟ್ಟು ತುಂಬಲು ಹಿಡಿಯುವ ಸೆಕೆಂಡುಗಳನ್ನು ಎಣಿಸಬೇಕು. ನೀರಿನ ಮಟ್ಟದಿಂದ ಪೈಪಿನ ಬಾಯಿಯವರೆಗಿನ ನೇರ ಎತ್ತರವನ್ನು ಮೀಟರಿನಲ್ಲಿ ಅಳೆಯಬೇಕು. ಸೆಕೆಂಡಿಗೆ ಬರುವ ಲೀಟರನ್ನು ಆ ಎತ್ತರದಿಂದ ಗುಣಿಸಿ 102ರಿಂದ ಭಾಗಿಸಿದರೆ ನೀರಿಗೆ ಸಂದ ಶಕ್ತಿ ಕಿಲೋವಾಟಿನಲ್ಲಿ ಸಿಗುತ್ತದೆ. ಎಣ್ಣೆಯ ಅಳತೆಗೆ, ಟ್ಯಾಂಕನ್ನು ಒಂದು ಗುರುತಿನವರೆಗೆ ತುಂಬಿ, ಒಂದು ಗಂಟೆ ಓಡಿಸಿ, ಎಂಜಿನ್ ತಣಿದ ಮೇಲೆ ಮತ್ತೆ ಅದೇ ಗುರುತಿಗೆ ತುಂಬಲು ಎಷ್ಟು ಬೇಕಾಯಿತೆಂದು ನೋಡಿದರೆ ಸಾಕು.

ಡ್ರಮ್ಮು 25 ಸೆಕೆಂಡಿನಲ್ಲಿ ತುಂಬಿತು, ಎತ್ತರ 12 ಮೀಟರ್, ಗಂಟೆಗೆ ಒಂದು ಲೀಟರ್ ಡೀಸೆಲ್ ಎಂದಿಟ್ಟುಕೊಳ್ಳಿ. ಸೆಕೆಂಡಿಗೆ 8 ಲೀಟರ್. 8ನ್ನು 12ರಿಂದ ಗುಣಿಸಿದರೆ 96. 102ರಿಂದ ಭಾಗಿಸಿದರೆ 0.94 ಕಿಲೋವಾಟ್. ಒಳಗೆ ಹೋದದ್ದು 10. ಅಂದರೆ ನೂರರಲ್ಲಿ ಒಂಬತ್ತು ಪಾಲು ಮಾತ್ರ ನೀರನ್ನು ಮೇಲೆತ್ತಿದೆ. ಡೀಸೆಲ್ ಲೀಟರಿಗೆ 90 ರೂಪಾಯಿ ಎಂದು ಹಿಡಿದರೆ ತೋಟಕ್ಕೆ ಏರಿದ್ದು 9 ರೂಪಾಯಿಯ ಎಣ್ಣೆಯೂ ಅಲ್ಲ; 81 ರೂಪಾಯಿಗೂ ಹೆಚ್ಚಿನದು ಹೊಗೆ, ಶಾಖ ಮತ್ತು ಸದ್ದಾಗಿ ಹೋಯಿತು.

ಪ್ರಯೋಗಾಲಯದ 31 ಹಳ್ಳದ ದಂಡೆಯಲ್ಲಿ 9 ಆಗುವುದೇಕೆ? ಸ್ವಲ್ಪ ಪಂಪು ತಿನ್ನುತ್ತದೆ, ಸ್ವಲ್ಪ ಸಪೂರ ಪೈಪು, ಸ್ವಲ್ಪ ಕಸ ಕಟ್ಟಿದ ಫುಟ್‌ವಾಲ್ವು. ಅಗಲವಾದ ಫುಟ್‌ವಾಲ್ವು, ನುಣುಪಾದ ದಪ್ಪ ಪೈಪು, ಕಡಿಮೆ ತಿರುವುಗಳು, ಇಂಥ ಚಿಕ್ಕ ತಿದ್ದುಪಡಿಗಳಿಂದಲೇ ಎಣ್ಣೆ ಉಳಿಯುತ್ತದೆಂದು ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘ ದಶಕಗಳಿಂದ ಹೇಳುತ್ತ ಬಂದಿದೆ. ಮುಚ್ಚಿಹೋದ ಗಾಳಿ ಜಾಲರಿ, ತೊಟ್ಟಿಕ್ಕುವ ಇಂಜೆಕ್ಟರ್, ಸವೆದ ಪಿಸ್ಟನ್ ರಿಂಗು ಕೂಡ ತಮ್ಮ ಪಾಲನ್ನು ಕೀಳುತ್ತವೆ.

ಇವೆಲ್ಲಕ್ಕಿಂತ ಕಣ್ಣಿಗೆ ಬೀಳದ ಕಾರಣ ಇನ್ನೊಂದಿದೆ: ಬೇಕಾದುದಕ್ಕಿಂತ ದೊಡ್ಡ ಎಂಜಿನ್. ತನ್ನೊಳಗಿನ ಘರ್ಷಣೆಯನ್ನು ಗೆಲ್ಲುವುದಕ್ಕೇ ಎಂಜಿನ್ನಿಗೆ ಒಂದಿಷ್ಟು ಶಕ್ತಿ ಬೇಕು. ಭಾರ ಕಡಿಮೆಯಾದರೂ ಅದು ಹೆಚ್ಚು ಕಡಿಮೆಯಾಗದು. ಘರ್ಷಣೆಗೆ 1.2 ಕಿಲೋವಾಟ್ ಬೇಕೆನ್ನೋಣ. ಎಂಜಿನ್ 3.7 ಕಿಲೋವಾಟ್ ಕೆಲಸ ಮಾಡುವಾಗ ಒಳಗೆ ಹುಟ್ಟಬೇಕಾದುದು 4.9, ಯಾಂತ್ರಿಕ ದಕ್ಷತೆ ಶೇಕಡ 75. ಅದೇ ಎಂಜಿನ್ 1.2 ಕಿಲೋವಾಟ್ ಕೆಲಸ ಮಾಡುವಾಗ ಹುಟ್ಟಬೇಕಾದುದು 2.4, ಯಾಂತ್ರಿಕ ದಕ್ಷತೆ ಶೇಕಡ 50ಕ್ಕೆ ಇಳಿಯಿತು. ಎರಡು ಅಶ್ವಶಕ್ತಿಯ ಕೆಲಸಕ್ಕೆ ಐದರ ಎಂಜಿನ್ ಕೊಂಡವರು ಪ್ರತಿ ಗಂಟೆಯೂ ಈ ದಂಡವನ್ನು ತೆರುತ್ತಾರೆ. ‘ಇರಲಿ, ದೊಡ್ಡದೇ ತೆಗೆದುಕೊಳ್ಳಿ’ ಎಂಬ ಸಲಹೆ ಮಾರುವವನಿಗೆ ಲಾಭ, ಕೊಳ್ಳುವವನಿಗೆ ಆಯುಷ್ಯವಿಡೀ ಸಾಲ.

ಕಳೆ ಕೊಚ್ಚುವ ಯಂತ್ರಗಳಲ್ಲಿ ಅನೇಕವು ಎರಡು ಹೊಡೆತದ ಪೆಟ್ರೋಲ್ ಎಂಜಿನ್ನುಗಳು. ಇವು ಹಗುರ, ಅಗ್ಗ. ಆದರೆ ಕಾರ್ಬ್ಯುರೇಟರ್ ಇರುವ ಸಾದಾ ಮಾದರಿಗಳಲ್ಲಿ ಹೊಸ ಮಿಶ್ರಣ ಒಳಬರುವ ಹೊತ್ತಿಗೆ ಹೊಗೆಯ ದ್ವಾರವೂ ತೆರೆದೇ ಇರುವುದರಿಂದ, ಸುಮಾರು ಕಾಲುಪಾಲು ಪೆಟ್ರೋಲ್ ಉರಿಯದೆಯೇ ಹೊರಗೆ ಹಾರಿಹೋಗುತ್ತದೆ. ಅದನ್ನು ಬೆನ್ನಿಗೆ ಕಟ್ಟಿಕೊಂಡು ದುಡಿಯುವ ಆಳು ಆ ಆವಿಯನ್ನೇ ಉಸಿರಾಡುತ್ತಾನೆ. ನಾಲ್ಕು ಹೊಡೆತದ ಯಂತ್ರ ಕೊಳ್ಳುವಾಗ ದುಬಾರಿ ಎನಿಸುತ್ತದೆ. ಒಂದು ಲೀಟರಿಗೆ ಎಷ್ಟು ಗುಂಟೆ ಎಂದು ಎರಡನ್ನೂ ಅಳೆದು ನೋಡಿದ ಮೇಲೆ ಯಾವುದು ದುಬಾರಿ ಎಂದು ತೀರ್ಮಾನಿಸುವುದು ಒಳ್ಳೆಯದು.

ಲೆಕ್ಕದ ಅಗತ್ಯವನ್ನು ಈಚಿನ ಇಂಧನ ಬದಲಾವಣೆಯೂ ಎತ್ತಿ ತೋರಿಸಿದೆ. 2025ರ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಶೇಕಡ 20 ಎಥನಾಲ್ ಬೆರೆಯಿತು. ಒಂದು ಲೀಟರ್ ಎಥನಾಲಿನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲಿನ ಮೂರನೆಯ ಎರಡು ಪಾಲು. ಹಾಗಾಗಿ ಮಿಶ್ರಣದ ಲೀಟರಿನಲ್ಲಿ ಸುಮಾರು ಶೇಕಡ 7ರಷ್ಟು ಶಕ್ತಿ ಕಡಿಮೆ. ನೀತಿ ಆಯೋಗದ 2021ರ ವರದಿಯೂ ಹಳೆಯ ವಿನ್ಯಾಸದ ಕಾರುಗಳಲ್ಲಿ ಶೇಕಡ 6ರಿಂದ 7, ದ್ವಿಚಕ್ರಗಳಲ್ಲಿ 3ರಿಂದ 4ರಷ್ಟು ಇಂಧನ ಮಿತವ್ಯಯ ತಗ್ಗಬಹುದೆಂದು ಹೇಳಿತ್ತು. ಮೈಲೇಜ್ ಇಳಿದರೆ ದಕ್ಷತೆ ಇಳಿಯಿತೆಂದು ಅರ್ಥವಲ್ಲ. ಲೀಟರಿನೊಳಗಿನ ಶಕ್ತಿ ಇಳಿದಿದೆ. ಈ ವ್ಯತ್ಯಾಸ ತಿಳಿಯದಿದ್ದರೆ ಬೆಲೆಯ ನ್ಯಾಯವನ್ನು ಕೇಳಲಾಗದು, ಮೆಕ್ಕೆಜೋಳವನ್ನು ಎಣ್ಣೆಗೆ ಬೆಳೆಯುವುದು ಸರಿಯೇ ಎಂಬ ಚರ್ಚೆಯನ್ನೂ ನಡೆಸಲಾಗದು.

ಪರಿಸರದ ಪರ ಎನಿಸಿಕೊಂಡ ಇಂಧನಗಳಿಗೂ ಅಳತೆಗೋಲು ಇದೇ. ತುಮಕೂರು ಜಿಲ್ಲೆಯ ಹೊಸಹಳ್ಳಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ’ ಬಳಗ 1988ರಲ್ಲಿ ಸೌದೆಯ ಅನಿಲದಿಂದ 5 ಅಶ್ವಶಕ್ತಿಯ ಡೀಸೆಲ್ ಎಂಜಿನ್ನೊಂದನ್ನು ಓಡಿಸಿ ಊರಿಗೆ ದೀಪ ಹಚ್ಚಿತು. ಡೀಸೆಲ್ ಎಷ್ಟು ಉಳಿಯಿತು, ಸೌದೆ ಎಷ್ಟು ಖರ್ಚಾಯಿತು ಎಂದು ವರ್ಷಗಟ್ಟಲೆ ಬರೆದಿಟ್ಟದ್ದರಿಂದಲೇ ಆ ಪ್ರಯೋಗವನ್ನು ಇಂದಿಗೂ ಜನ ನಂಬಿಕೆಯಿಂದ ಉಲ್ಲೇಖಿಸುತ್ತಾರೆ. ಹೊಂಗೆ ಎಣ್ಣೆಯೇ ಇರಲಿ, ಎಥನಾಲೇ ಇರಲಿ, ಹಸಿರು ಎಂಬ ಹೆಸರು ಲೆಕ್ಕದಿಂದ ವಿನಾಯಿತಿ ಕೊಡುವುದಿಲ್ಲ.

ಉರಿಸಿದ್ದಕ್ಕೆ ಲೆಕ್ಕವಿಡುವುದು ಭದ್ರಾವತಿಗೆ ಹೊಸದಲ್ಲ. 1923ರಲ್ಲಿ ಅಲ್ಲಿನ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿದಾಗ ಅದರ ಕುಲುಮೆಗೆ ಸುತ್ತಲಿನ ಕಾಡಿನ ಇದ್ದಿಲೇ ಇಂಧನವಾಗಿತ್ತು. ಕಬ್ಬಿಣಕ್ಕೆ ಹಿಡಿಯುವ ಇದ್ದಿಲನ್ನು ಕಾರ್ಖಾನೆ ತೂಗಲೇಬೇಕಿತ್ತು. ಇದ್ದಿಲಾದ ಮರ ಬೆಳೆಯಲು ಹಿಡಿದ ವರ್ಷಗಳು ಮಾತ್ರ ತಕ್ಕಡಿಯ ಹೊರಗೆ ಉಳಿದವು. ಅಳೆಯದೆ ಬಿಟ್ಟದ್ದನ್ನು ಕೊನೆಗೆ ತೆರುವುದು ಕಾಡು ಮತ್ತು ಬಡವ ಎಂಬ ಪಾಠ ಈ ಜಿಲ್ಲೆಗೆ ಬೇರೆ ಕಡೆಯಿಂದ ಬರಬೇಕಾಗಿಲ್ಲ.

ಈಗ ಬೇಕಾದ ಸಾಧನಗಳು ಊರಲ್ಲೇ ಇವೆ. ಶಿವಮೊಗ್ಗದ ಜವಾಹರಲಾಲ್ ನೆಹರು ನ್ಯಾಷನಲ್ ಎಂಜಿನಿಯರಿಂಗ್ ಕಾಲೇಜು 1980ರಿಂದ ನಡೆಯುತ್ತಿದೆ. ಭದ್ರಾವತಿಯಲ್ಲಿ ಪಾಲಿಟೆಕ್ನಿಕ್ ಇದೆ. ನವುಲೆಯಲ್ಲಿ ಕೃಷಿ ಕಾಲೇಜಿದೆ. ಹಗ್ಗ ಕಟ್ಟಿ ಎಂಜಿನ್ ಅಳೆಯುವ ಲೆಕ್ಕವನ್ನು ಮೆಕ್ಯಾನಿಕಲ್ ವಿದ್ಯಾರ್ಥಿಗಳು ಪರೀಕ್ಷೆಗಾಗಿ ರೆಕಾರ್ಡ್ ಪುಸ್ತಕದಲ್ಲಿ ಬರೆಯುತ್ತಾರೆ. ಅಂಕ ಬಂದ ಮೇಲೆ ಪುಸ್ತಕ ಮೂಲೆ ಸೇರುತ್ತದೆ. ವರ್ಷಕ್ಕೊಮ್ಮೆ, ಬೇಸಿಗೆಯ ನೀರೆತ್ತುವ ಕಾಲಕ್ಕೆ ಮುಂಚೆ, ಇದೇ ವಿದ್ಯಾರ್ಥಿಗಳು ಹೋಬಳಿಗೊಂದು ಶಿಬಿರ ನಡೆಸಿ ರೈತರ ಎಂಜಿನ್ನುಗಳನ್ನು ಅಳೆದು, ಒಂದು ಚೀಟಿಯಲ್ಲಿ ದಕ್ಷತೆ ಇಷ್ಟು, ದೋಷ ಇಂಥದು ಎಂದು ಕನ್ನಡದಲ್ಲಿ ಬರೆದುಕೊಡುವುದು ಅಸಾಧ್ಯವಲ್ಲ.

ಸರ್ಕಾರದ ಪಾಲೂ ಇದೆ. ಮಧ್ಯಪ್ರದೇಶದ ಬುಧ್ನಿ, ಆಂಧ್ರದ ಗಾರ್ಲದಿನ್ನೆಗಳಲ್ಲಿರುವ ಕೇಂದ್ರ ಸರ್ಕಾರದ ಸಂಸ್ಥೆಗಳು ಕೃಷಿ ಯಂತ್ರಗಳನ್ನು ಪರೀಕ್ಷಿಸಿ, ಎಣ್ಣೆಯ ಖರ್ಚನ್ನೂ ಸೇರಿಸಿ ವರದಿ ಕೊಡುತ್ತವೆ. ಆ ವರದಿ ಕೊಳ್ಳುವ ರೈತನ ಕೈಗೆ ಕನ್ನಡದಲ್ಲಿ ಬರುವುದು ಅಪರೂಪ. ಮನೆಯ ಫ್ರಿಜ್ಜಿಗೆ ನಕ್ಷತ್ರದ ಗುರುತು ಕಡ್ಡಾಯವಾಯಿತು. ಡೀಸೆಲ್ ಪಂಪಿಗೆ ಅಂಥದೇ ಗುರುತನ್ನು ರೂಪಿಸಿದರೂ ಅದನ್ನು ತಯಾರಕರ ಇಷ್ಟಕ್ಕೆ ಬಿಡಲಾಯಿತು. ಸಹಾಯಧನ ಪಡೆಯುವ ಪ್ರತಿಯೊಂದು ಎಂಜಿನ್ನಿನ ಮೈಮೇಲೆ, ಅಶ್ವಶಕ್ತಿಯಷ್ಟೇ ದೊಡ್ಡ ಕನ್ನಡ ಅಕ್ಷರಗಳಲ್ಲಿ, ಪೂರ್ಣ ಭಾರದಲ್ಲಿ ಮತ್ತು ಅರ್ಧ ಭಾರದಲ್ಲಿ ಗಂಟೆಗೆ ಹಿಡಿಯುವ ಎಣ್ಣೆಯ ಪ್ರಮಾಣ ಇರಲೇಬೇಕೆಂದು ಜಿಲ್ಲೆಯ ರೈತ ಸಂಘಟನೆಗಳು ಕೃಷಿ ಮತ್ತು ತೋಟಗಾರಿಕೆ ಇಲಾಖೆಗಳನ್ನು ಒತ್ತಾಯಿಸಬೇಕು. ಸಾರ್ವಜನಿಕರ ಹಣದಿಂದ ಮಾರಾಟವಾಗುವ ಯಂತ್ರ ಸಾರ್ವಜನಿಕರಿಗೆ ಲೆಕ್ಕ ಒಪ್ಪಿಸುವುದು ನ್ಯಾಯ.

ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ವರ್ಷಕ್ಕೆ 400 ಗಂಟೆ ಓಡುವ ಎಂಜಿನ್ನೊಂದು ಗಂಟೆಗೆ 1.2 ಲೀಟರಿನಿಂದ ಒಂದು ಲೀಟರಿಗೆ ಇಳಿದರೆ 80 ಲೀಟರ್ ಡೀಸೆಲ್, 90 ರೂಪಾಯಿಯಂತೆ 7,200 ರೂಪಾಯಿ ಮತ್ತು ಎರಡು ಕ್ವಿಂಟಾಲಿಗೂ ಮೀರಿದ ಇಂಗಾಲದ ಡೈಆಕ್ಸೈಡ್ ಉಳಿಯುತ್ತದೆ. ಒಂದು ಮನೆಯ ಒಂದು ಎಂಜಿನ್ನಿನ ಮಾತು ಇದು. ಡ್ರಮ್ಮು, ಗಡಿಯಾರ, ಅಳತೆಯ ಪಾತ್ರೆ ಎಲ್ಲರ ಮನೆಯಲ್ಲೂ ಇವೆ. ಈ ಬೇಸಿಗೆಯಲ್ಲಿ ಊರಿಗೆ ಹತ್ತು ಮನೆಗಳಾದರೂ ಅಳೆದು ಬರೆದಿಡಲಿ. ಅಂಕಿಗಳನ್ನು ಕೈಯಲ್ಲಿ ಹಿಡಿದು ಹೋದವರನ್ನು ಅಂಗಡಿಯೂ ಇಲಾಖೆಯೂ ಬರಿಗೈಯಲ್ಲಿ ಹಿಂದೆ ಕಳುಹಿಸುವುದು ಸುಲಭವಲ್ಲ.