ಕನಸೆಂದು ಕರೆದ ಕಟ್ಟಳೆ

ಕಳೆದ ವಾರ ತರಗತಿಯಲ್ಲಿ ಭಾಷಾಂತರದ ಕಷ್ಟಗಳನ್ನು ಕುರಿತು ಹೇಳುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು ಎದ್ದು, “ಆಸ್ಟ್ರೇಲಿಯದ ಮೂಲನಿವಾಸಿಗಳ ನಂಬಿಕೆಯನ್ನು ಇಂಗ್ಲಿಷಿನಲ್ಲಿ ‘ಡ್ರೀಮಿಂಗ್’ ಎನ್ನುತ್ತಾರಲ್ಲ, ಕನ್ನಡದಲ್ಲಿ ಅದನ್ನು ‘ಕನಸು’ ಎನ್ನಬಹುದೇ ಸರ್?” ಎಂದು ಕೇಳಿದಳು. ಕೂಡದೆಂದು ಹೇಳುವುದು ಸುಲಭವಾಗಿತ್ತು. ಏಕೆ ಕೂಡದೆಂದು ವಿವರಿಸಹೊರಟಾಗ, ಆ ಪ್ರಶ್ನೆ ನಿಘಂಟಿನ ಎಲ್ಲೆಯನ್ನು ದಾಟಿ ನ್ಯಾಯಾನ್ಯಾಯಗಳ ವಿಚಾರಕ್ಕೆ ನನ್ನನ್ನು ಎಳೆದೊಯ್ದಿತು.

ಮಧ್ಯ ಆಸ್ಟ್ರೇಲಿಯದ ಅರಂಡ ಜನರ ನುಡಿಯೊಂದನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸ್ಪೆನ್ಸರ್ ಮತ್ತು ಗಿಲೆನ್ ಎಂಬವರು ‘ಕನಸಿನ ಕಾಲ’ವೆಂದು ಭಾಷಾಂತರಿಸಿದರು. ಕನಸು ಕಾಣುವುದೆಂಬ ಆ ಭಾಷೆಯ ಕ್ರಿಯಾಪದಕ್ಕೂ ಆ ನುಡಿಗೂ ನಂಟಿರುವುದು ನಿಜ. ಆದರೆ ನಂಟೇ ಅರ್ಥವಲ್ಲ. ಎಳವೆಯಿಂದಲೇ ಆ ಭಾಷೆಯನ್ನು ಆಡಿ ಬೆಳೆದ ಸ್ಟ್ರೆಹ್ಲೊ ಎಂಬ ವಿದ್ವಾಂಸರು, ಅನಾದಿಯಾದುದು, ತನ್ನಿಂದ ತಾನೇ ಇರುವಂಥದು ಎಂಬುದೇ ಅದರ ತಿರುಳೆಂದು ತೋರಿಸಿದರು. ಸ್ಟ್ಯಾನರ್ ಎಂಬ ಮಾನವಶಾಸ್ತ್ರಜ್ಞರು 1953ರಲ್ಲಿ ಬರೆದ ಪ್ರಬಂಧದಲ್ಲಿ, ಅದು ಕಳೆದುಹೋದ ಕಾಲವಲ್ಲ, ಎಲ್ಲ ಕಾಲಗಳಲ್ಲಿಯೂ ನೆಲೆಸಿರುವ ಕಾಲವೆಂದು ವಿವರಿಸಿದರು. ಆದರೂ ‘ಕನಸು’ ಎಂಬ ಹೆಸರು ಮಾತ್ರ ಅಳಿಯಲಿಲ್ಲ.

ಉಲೂರು ಬಂಡೆಯ ಒಡೆಯರಾದ ಅನಂಗು ಜನರ ಭಾಷೆಯಲ್ಲಿ ಇದರ ಹೆಸರು ‘ಚುಕುರ್ಪ’. ಸೃಷ್ಟಿಯ ಕಥೆ, ನೆಲದ ಗುರುತು, ಬಾಂಧವ್ಯದ ನಿಯಮ, ಆಚರಣೆಯ ವಿಧಿ, ಎಲ್ಲವೂ ಅದೊಂದೇ ಮಾತಿನಲ್ಲಿ ಅಡಗಿವೆ. ಒಂದು ಕಥೆಯನ್ನು ನೋಡಿ. ‘ಮಾಲ’ವೆಂಬುದು ಕಾಂಗರೂ ಕುಲದ ಒಂದು ಪುಟ್ಟ ಪ್ರಾಣಿ. ಮಾಲ ಪೂರ್ವಿಕರು ಉಲೂರಿಗೆ ಬಂದು ‘ಇನ್ಮ’ವನ್ನು, ಎಂದರೆ ಹಾಡು ಕುಣಿತಗಳ ಆಚರಣೆಯನ್ನು, ತೊಡಗಿದ್ದರು. ಪಡುವಣದಿಂದ ಬಂದ ಇಬ್ಬರು ತಮ್ಮ ಆಚರಣೆಗೆ ಅವರನ್ನು ಕರೆದರು. ತೊಡಗಿದ್ದನ್ನು ನಡುವೆ ಬಿಡಲಾಗದೆಂದು ಮಾಲರು ಒಪ್ಪಲಿಲ್ಲ. ಕೋಪಗೊಂಡ ಕರೆದವರು ಕುರ್ಪನಿಯೆಂಬ ಘೋರವಾದ ನಾಯಿಯನ್ನು ಕಳುಹಿಸಿದರು. ಮಿಂಚುಳ್ಳಿ ಹೆಂಗಸು ಕೂಗಿ ಎಚ್ಚರಿಸಿದರೂ ಮಾಲರು ಕಿವಿಗೊಡಲಿಲ್ಲ. ಕೆಲವರು ಸತ್ತರು, ಉಳಿದವರು ತೆಂಕಣಕ್ಕೆ ಓಡಿದರು. ಕೈಕೊಂಡದ್ದನ್ನು ಮುಗಿಸು, ಎಚ್ಚರಿಕೆಯ ದನಿಯನ್ನು ಕೇಳು: ಅನಂಗು ಜನರಿಗೆ ಈ ಕಥೆಯೇ ಕಟ್ಟಳೆ. ಪ್ರವಾಸಿಗರು ಬಂಡೆಯನ್ನು ಹತ್ತುತ್ತಿದ್ದುದು ಆ ಮಾಲ ಗಂಡಸರು ಏರಿದ ದಾರಿಯಲ್ಲಿಯೇ. 1985ರಲ್ಲಿ ಬಂಡೆಯ ಒಡೆತನ ಅನಂಗು ಜನರಿಗೆ ಮರಳಿತು. ಹತ್ತುವುದು ನಿಂತದ್ದು 2019ರ ಅಕ್ಟೋಬರಿನಲ್ಲಿ. ಕೈಗೆ ಬಂದ ಒಡೆತನ ಮಾತಿಗೆ ಬೆಲೆಯಾಗಲು ಮೂವತ್ತನಾಲ್ಕು ವರ್ಷಗಳು ಬೇಕಾದವು.

ಅಲ್ಲಿ ತಡವಾಗಿಯಾದರೂ ಮಾತು ನಡೆಯಿತು. ಪಶ್ಚಿಮ ಆಸ್ಟ್ರೇಲಿಯದ ಜೂಕನ್ ಕಣಿವೆಯಲ್ಲಿ ಅದೂ ಆಗಲಿಲ್ಲ. ನಲವತ್ತಾರು ಸಾವಿರ ವರ್ಷಗಳಷ್ಟು ಹಿಂದೆಯೇ ಮನುಷ್ಯರು ತಂಗಿದ ಕುರುಹುಗಳಿದ್ದ ಅಲ್ಲಿನ ಗುಹೆಗಳನ್ನು ರಿಯೊ ಟಿಂಟೊ ಗಣಿ ಕಂಪನಿ 2020ರ ಮೇ 24ರಂದು ಕಬ್ಬಿಣದ ಅದಿರಿಗಾಗಿ ಸಿಡಿಸಿತು. 1972ರ ಕಾಯಿದೆಯ ಮೇರೆಗೆ ಸರಕಾರದ ಅನುಮತಿ 2013ರಲ್ಲಿಯೇ ದೊರಕಿತ್ತು. ಮರುವರ್ಷದ ಉತ್ಖನನದಲ್ಲಿ ನಾಲ್ಕು ಸಾವಿರ ವರ್ಷ ಹಳೆಯ, ಕೂದಲಿನಿಂದ ಹೆಣೆದ ಪಟ್ಟಿಯ ತುಂಡೊಂದು ಸಿಕ್ಕಿತು. ಆ ಕೂದಲು ಅಲ್ಲಿಯ ಇಂದಿನ ಜನರ ಪೂರ್ವಿಕರದೇ ಎಂದು ಪರೀಕ್ಷೆಯಿಂದ ತಿಳಿಯಿತು. ಆದರೆ ಕೊಟ್ಟ ಅನುಮತಿಯನ್ನು ಮರಳಿ ವಿಚಾರಿಸಲು ಕಾಯಿದೆಯಲ್ಲಿ ಎಡೆಯಿರಲಿಲ್ಲ. ಮಿಂಚುಳ್ಳಿ ಕೂಗಿತು; ಕೇಳುವವರಿರಲಿಲ್ಲ.

ಕಂಪನಿಯ ಮುಖ್ಯಾಧಿಕಾರಿ ಹುದ್ದೆ ಬಿಟ್ಟರು. ಪಾರ್ಲಿಮೆಂಟು ವಿಚಾರಣೆ ನಡೆಸಿತು. 2023ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಕಾಯಿದೆಯನ್ನು ಅದೇ ವರ್ಷ ರದ್ದುಪಡಿಸಿ, 1972ರದನ್ನೇ ತಿದ್ದಿ ಮರಳಿ ತರಲಾಯಿತು. ಹೊಸ ಸಂಗತಿ ತಿಳಿದುಬಂದರೆ ಅದನ್ನು ಸರಕಾರಕ್ಕೆ ತಿಳಿಸಬೇಕೆಂಬ ನಿಯಮ ಈಗ ಅದರಲ್ಲಿದೆ. ಅನುಮತಿ ಕೊಡುವ ಅಧಿಕಾರ ಮಾತ್ರ ಮಂತ್ರಿಯ ಕೈಯಲ್ಲಿಯೇ ಇದೆ. ಇತ್ತ 2019ರಲ್ಲಿ ಟಿಂಬರ್ ಕ್ರೀಕ್ ಮೊಕದ್ದಮೆಯಲ್ಲಿ ಅಲ್ಲಿನ ಶ್ರೇಷ್ಠ ನ್ಯಾಯಾಲಯ, ನೆಲದ ನಂಟು ಕಡಿದುದರಿಂದಾದ ಆಧ್ಯಾತ್ಮಿಕ ನಷ್ಟಕ್ಕೆ ಹದಿಮೂರು ಲಕ್ಷ ಡಾಲರುಗಳ ಪರಿಹಾರವನ್ನು ಎತ್ತಿಹಿಡಿಯಿತು. ಇದು ಸಣ್ಣ ಮಾತಲ್ಲ. ಆದರೆ ಕಳೆದ ಮೇಲೆ ಬೆಲೆ ಕಟ್ಟುವ ನ್ಯಾಯವು, ಕಳೆಯುವ ಮೊದಲು ಕೈ ತಡೆಯುವ ನ್ಯಾಯವಾಗಲಾರದು.

ಒಂದು ತಪ್ಪು ಶಬ್ದವೇ ಗುಹೆಗಳನ್ನು ಸಿಡಿಸಿತೆಂದು ನಾನು ಹೇಳಲಾರೆ. ಸಿಡಿಸಿದ್ದು ಅದಿರಿನ ಬೆಲೆ. ಆದರೆ ಇನ್ನೊಬ್ಬರ ಕಟ್ಟಳೆಯನ್ನು ಕನಸೆಂದು ಕರೆದ ಮೇಲೆ, ಅದನ್ನು ಕಡೆಗಣಿಸಿದವನ ಮನಸ್ಸಿಗೆ ನೋವಾಗುವುದಿಲ್ಲ. ಕನಸು ಒಬ್ಬನದು, ಎಚ್ಚರವಾದೊಡನೆ ಕರಗುವಂಥದು. ಕಟ್ಟಳೆಯಾದರೋ ಎದುರಿಗಿದ್ದವನನ್ನೂ ಕಟ್ಟುವಂಥದು. ‘ಧರ್ಮ’ವನ್ನು ‘ರಿಲಿಜನ್’ ಎಂದು ಭಾಷಾಂತರಿಸಿದಾಗ ಜಾರಿಹೋಗುವುದೆಷ್ಟೆಂಬುದನ್ನು ಬಲ್ಲ ನಮಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ.

ವಿದ್ಯಾರ್ಥಿನಿಗೆ ನಾನು ಕೊನೆಗೆ ಹೇಳಿದ್ದಿಷ್ಟೆ: “ಭಾಷಾಂತರಿಸಬೇಡ ತಾಯಿ; ಅನಂಗು ಜನರ ವಿಷಯ ಬರೆಯುವಾಗ ‘ಚುಕುರ್ಪ’ ಎಂದೇ ಬರೆ. ಅರ್ಥ ಕೇಳಿದರೆ ಮಾಲರ ಕಥೆಯನ್ನು ಹೇಳು.”